ಟ್ರಾಲಿಯ ‘ಅರ್ತ್’ಗೆ ಕನ್ನಡದಲ್ಲಿ ಏನನ್ನೋಣ?

ಭತ್ತದ ಸುಗ್ಗಿ ಬಂತೆಂದರೆ ನಮ್ಮ ಗಂಗಾವತಿ ಸೀಮೆಯ ರಸ್ತೆ ಬದಿಯಲ್ಲಿ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ಅರ್ತ್ ಸಿಗವಲ್ದು’, ‘ಅರ್ತ್ ಬಿಟ್ಟೈತಿ ನೋಡ್ರಿ’. ಟ್ರ್ಯಾಕ್ಟರಿನಿಂದ ಟ್ರಾಲಿಗೆ ಹೋಗುವ ಲೈಟಿನ ವಾಯರಿನ ಬಗ್ಗೆ ಆಡುವ ಮಾತಿದು. ಗಾಡಿಯ ವಾಯರಿಂಗ್ ಕುರಿತು ಕನ್ನಡದಲ್ಲಿ ಬರೆಯುವಾಗ ಈ ಅರ್ತ್‌ಗೆ ಯಾವ ಪದ ಹಾಕಬೇಕು ಅನ್ನುವುದು ನನ್ನ ಪ್ರಶ್ನೆ. ಶಾಲೆಯ ಪುಸ್ತಕದಲ್ಲಿ ‘ಭೂಸಂಪರ್ಕ ತಂತಿ’ ಅಂತಿದೆ. ಮನೆಯ ವಾಯರಿಂಗಿಗೆ ಅದು ಒಪ್ಪುವ ಮಾತು, ಅಲ್ಲಿ ತಂತಿ ನಿಜವಾಗಿಯೂ ನೆಲಕ್ಕೆ ಇಳಿಯುತ್ತದೆ. ಟ್ರಾಲಿಗೆ ಮಾತ್ರ ಆ ಪದ ದಾರಿ ತಪ್ಪಿಸುತ್ತದೆ.

ಹೋದ ಸುಗ್ಗಿಯಲ್ಲಿ ನನ್ನ ತಮ್ಮ ಭತ್ತ ಹೇರಿಕೊಂಡು ಕಾರಟಗಿಯ ಮಿಲ್ಲಿಗೆ ಹೊರಟಿದ್ದ. ಕತ್ತಲಾದ ಮೇಲೆ ಫೋನ್ ಬಂತು. ‘ಅಣ್ಣಾ, ಬ್ರೇಕ್ ತುಳಿದ್ರ ಹಿಂದಿನ ಲೈಟ್ ಮಬ್ಬಾಗಿ ಹತ್ತತಾವು, ಅದ್ರ ಜೋಡಿ ಟ್ರಾಲಿ ಇಂಡಿಕೇಟರ್ ಎರಡೂ ಸಣ್ಣಗ ಉರಿತಾವು’ ಅಂದ. ಬ್ರೇಕಿಗೂ ಇಂಡಿಕೇಟರಿಗೂ ನಂಟಿಲ್ಲ, ಆದರೂ ಒಂದನ್ನು ಒತ್ತಿದರೆ ಇನ್ನೊಂದು ಉರಿಯುತ್ತಿದೆ ಅಂದರೆ ಅರ್ತ್ ಹೋಗಿದೆ ಅಂತಲೇ ಮೊದಲು ಅನುಮಾನಿಸಬೇಕು. ‘ಅರ್ತ್ ನೋಡಪ್ಪ’ ಅಂದೆ. ಅರ್ಧ ತಾಸು ಬಿಟ್ಟು ಮತ್ತೆ ಫೋನ್. ಕಾಲುವೆ ಮಗ್ಗುಲಿನ ಹಸಿ ಮಣ್ಣಿಗೆ ಕಬ್ಬಿಣದ ಸಲಾಕೆ ಬಡಿದು, ಟ್ರಾಲಿಯ ಲೈಟನ್ನು ಟ್ರ್ಯಾಕ್ಟರಿಗೆ ಸೇರಿಸುವ ಪ್ಲಗ್ಗಿನ ಹಸಿರು ವಾಯರ್ ಸುಲಿದು ಅದಕ್ಕೆ ಸುತ್ತಿದ್ದ. ಏನೂ ಬದಲಾಗಿರಲಿಲ್ಲ. ಅವನು ಓದಿದ ಪುಸ್ತಕದಲ್ಲಿ ಅರ್ತ್ ಅಂದರೆ ಭೂಸಂಪರ್ಕ, ಭೂಸಂಪರ್ಕ ಅಂದರೆ ಹಸಿರು ತಂತಿ. ಅವನದು ತಪ್ಪೆಂದು ನನಗೆ ಅನಿಸಲೇ ಇಲ್ಲ. ನಾನು ಕೊಟ್ಟ ಪದವೇ ಅವನನ್ನು ನೆಲದ ಕಡೆ ಕಳಿಸಿತ್ತು.

ಈ ಏಳು ಪಿನ್ನಿನ ಪ್ಲಗ್ಗಿನಲ್ಲಿ ಹಸಿರು ಅಂದರೆ 4ನೇ ಪಿನ್, ಬಲಗಡೆಯ ಇಂಡಿಕೇಟರ್. ಎಡಗಡೆಯದು 1ನೇ ಪಿನ್, ಹಳದಿ. ಬ್ರೇಕ್ ಲೈಟಿನದು 6, ಕೆಂಪು. ನಮಗೆ ಬೇಕಾದದ್ದು 3ನೇ ಪಿನ್ನಿನ ಬಿಳಿ ತಂತಿ. (ಹೊಸದಾಗಿ ವಾಯರಿಂಗ್ ಮಾಡಿಸಿದ ಟ್ರಾಲಿಯಲ್ಲಿ ಅಂಗಡಿಯಲ್ಲಿ ಸಿಕ್ಕ ಬಣ್ಣವನ್ನೇ ಹಾಕಿರುತ್ತಾರೆ, ಹಾಗಾಗಿ ಬಣ್ಣಕ್ಕಿಂತ ಪಿನ್ನಿನ ನಂಬರ್ ನೋಡುವುದು ಒಳ್ಳೆಯದು.) ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬಿನಲ್ಲಿ ಕೆಲಸ ಮುಗಿಸಿ ಟ್ರಾಲಿಯ ಕಬ್ಬಿಣಕ್ಕೆ ಇಳಿಯುತ್ತದೆ, ಈ ಬಿಳಿ ತಂತಿ ಹಿಡಿದು ಟ್ರ್ಯಾಕ್ಟರಿಗೆ ವಾಪಸ್ ಬರುತ್ತದೆ. ರಬ್ಬರ್ ಟೈರಿನ ಮೇಲೆ ನಿಂತ ಗಾಡಿಯಲ್ಲಿ ಭೂಮಿಗೆ ಏನೂ ಕೆಲಸವಿಲ್ಲ. ಬಿಳಿ ತಂತಿ ಕಡಿದಾಗ 21 ವ್ಯಾಟಿನ ಬ್ರೇಕ್ ಬಲ್ಬಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ: ಟ್ರಾಲಿಯ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ಹಾಯ್ದು, ಅದರ ತಂತಿಯಲ್ಲೇ ಮುಂದೆ ಬಂದು, ಟ್ರ್ಯಾಕ್ಟರಿನ ಇಂಡಿಕೇಟರ್ ಬಲ್ಬು ದಾಟಿ ಇಂಜಿನ್ನಿನ ಕಬ್ಬಿಣ ಸೇರುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬುಗಳೆಲ್ಲ ಕರೆಂಟನ್ನು ಹಂಚಿಕೊಂಡು ಮಬ್ಬಾಗಿ ಉರಿಯುತ್ತವೆ. ಕೆಲವೊಮ್ಮೆ ಕೊಂಡಿಯ ಗೂಟದ ಮೂಲಕವೇ ಕರೆಂಟ್ ವಾಪಸಾಗುತ್ತದೆ. ಆದರೆ ಅಲ್ಲಿ ಗ್ರೀಸು, ತುಕ್ಕು, ಅಲುಗಾಟ. ತಗ್ಗು ಬಂದಾಗ ಆರಿ, ಸಮ ರಸ್ತೆಯಲ್ಲಿ ಮತ್ತೆ ಹತ್ತುವ ಲೈಟಿನ ಗುಟ್ಟು ಅದೇ.

‘ಸಲಾಕೆ ಬಿಡು, ಟ್ರಾಲಿಯ ಚಾಸಿಯಿಂದ ಟ್ರ್ಯಾಕ್ಟರಿನ ಚಾಸಿಗೆ ಒಂದು ವಾಯರ್ ಹಿಡಿ’ ಅಂದೆ. ಬಣ್ಣ ಕೆರೆದು ಹಿಡಿದ ಕೂಡಲೇ ಎರಡೂ ಬ್ರೇಕ್ ಲೈಟ್ ಝಗ್ಗನೆ ಹತ್ತಿದವು. ಮರುದಿನ ಪ್ಲಗ್ ಬಿಚ್ಚಿ ನೋಡಿದೆ. 3ನೇ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು, ಸ್ಕ್ರೂ ಕೆಳಗೆ ಬಿಳಿ ತಂತಿಯ ಎರಡೇ ಎಳೆ ಉಳಿದಿದ್ದವು.

ಆಗಿನಿಂದ ಈ ಪದ ನನ್ನ ತಲೆಯಲ್ಲೇ ಇದೆ. ‘ಅರ್ತ್’ ಎಂದೇ ಬರೆಯಬಹುದು ಅಂದರೆ ಅಲ್ಲೂ ತೊಡಕು. ಮನೆಯಲ್ಲಿ ‘ಮಿಕ್ಸರ್ ಅರ್ತ್ ಹೊಡಿತೈತಿ’ ಅಂದರೆ ಮುಟ್ಟಿದರೆ ಶಾಕ್ ಅಂತ ಅರ್ಥ, ಅರ್ತ್ ಬರುವುದೇ ಅಲ್ಲಿ ತೊಂದರೆ. ಗಾಡಿಯಲ್ಲಿ ಅರ್ತ್ ಬರದಿರುವುದು ತೊಂದರೆ.

ವಾಯರಿಂಗ್ ಮಾಡುವವರು ಇನ್ನೊಂದು ಮಾತು ಬಳಸುತ್ತಾರೆ: ‘ಬಾಡಿ’, ಅಂದರೆ ಗಾಡಿಯ ಕಬ್ಬಿಣದ ಮೈ. ‘ಬಾಡಿ ಕೊಡ್ರಿ’, ‘ಬಾಡಿ ಸರಿಯಾಗಿ ಹಿಡಿದಿಲ್ಲ’. ಇದು ನನಗೆ ಪುಸ್ತಕದ ಪದಕ್ಕಿಂತ ಮೇಲೆನಿಸುತ್ತದೆ. ಬ್ರಿಟನ್ನಿನವರು ‘ಅರ್ತ್’, ಅಂದರೆ ಭೂಮಿ ಅನ್ನುತ್ತಾರೆ, ಅಮೆರಿಕದವರು ‘ಗ್ರೌಂಡ್’, ಅಂದರೆ ನೆಲ ಅನ್ನುತ್ತಾರೆ. ಆದರೆ ಜರ್ಮನ್ನರೂ ಫ್ರೆಂಚರೂ ‘ಮಾಸ್ಸೆ’, ‘ಮಾಸ್’ ಅನ್ನುತ್ತಾರೆ, ಅಂದರೆ ಗಾಡಿಯ ಲೋಹದ ರಾಶಿ. ನಮ್ಮ ಗ್ಯಾರೇಜಿನ ‘ಬಾಡಿ’ ಅದರ ಪಕ್ಕದ ಮಾತೇ. ಅದನ್ನು ಕನ್ನಡಕ್ಕೆ ತಂದರೆ ‘ಒಡಲ ತಂತಿ’ ಆದೀತೇ?

ಅದರಲ್ಲೂ ಒಂದು ಕೊರತೆ ಕಾಣುತ್ತದೆ. ಟ್ರಾಲಿ ಕಟ್ಟಿದ ಗಾಡಿಗೆ ಎರಡು ಒಡಲು, ಟ್ರ್ಯಾಕ್ಟರಿನದೊಂದು, ಟ್ರಾಲಿಯದೊಂದು. ನಡುವಿನ ಬಿಳಿ ತಂತಿಯೇ ಕೈಕೊಡುವುದು. ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕ್ಯಾರವಾನ್ (ಗಾಲಿ ಮೇಲಿನ ಪುಟ್ಟ ಮನೆ) ಕಟ್ಟುವವರ ಪ್ಲಗ್ ನೋಡಿದರೆ ಇದು ಇನ್ನೂ ಸ್ಪಷ್ಟ. ಅವರ ಹೊಸ 13 ಪಿನ್ನಿನ ಪ್ಲಗ್ಗಿನಲ್ಲಿ ವಾಪಸ್ ಬರುವ ತಂತಿಗಳೇ ಮೂರು: ಲೈಟುಗಳಿಗೆ 3ನೇ ಪಿನ್, 10ನೇ ಪಿನ್ನಿನ ಸಪ್ಲೈಗೆ 11, 9ರ ಸಪ್ಲೈಗೆ 13. ಹೋದ ಕರೆಂಟಿಗೆ ಅದರದ್ದೇ ಮರುದಾರಿ. ಹೀಗಿರುವಾಗ ಭೂಮಿಯೂ ಒಡಲೂ ಎರಡೂ ಸಾಲದು, ಬರುವ ದಾರಿಯನ್ನು ಹೇಳುವ ಪದ ಬೇಕು. ‘ಮರಳು ತಂತಿ’ ಅಂತ ಬರೆದು ನೋಡಿದೆ. ನಾವು ಉಸುಕು ಅನ್ನುವವರಾದ್ದರಿಂದ ಮಾತಿನಲ್ಲಿ ತೊಂದರೆಯಿಲ್ಲ, ಆದರೆ ಟ್ರಾಲಿಯ ಬರಹದಲ್ಲಿ ‘ಮರಳು’ ಕಂಡರೆ ಓದುಗರಿಗೆ ಹೊಳೆಯ ಮರಳೇ ನೆನಪಾಗುತ್ತದೆ. ‘ವಾಪಸ್ ತಂತಿ’ ಅಂದಾಗ ತಮ್ಮ ಒಮ್ಮೆಗೇ ತಿಳಿದುಕೊಂಡ. ಸದ್ಯಕ್ಕೆ ನನ್ನ ಮನಸ್ಸು ಅದರ ಕಡೆಗೇ ಇದೆ.

ಸಿರುಗುಪ್ಪ, ಮಾನ್ವಿ, ಸಿಂಧನೂರಿನ ಕಡೆ ಟ್ರಾಲಿ ವಾಯರಿಂಗ್ ಮಾಡುವವರು, ಬಳ್ಳಾರಿಯ ಲಾರಿ ಗ್ಯಾರೇಜಿನವರು ಈ ಬಿಳಿ ತಂತಿಗೆ ಏನನ್ನುತ್ತಾರೆ? ‘ಬಾಡಿ’, ‘ಅರ್ತ್’ ಬಿಟ್ಟು ಬೇರೆ ಮಾತು ಯಾರಾದರೂ ಕೇಳಿದ್ದೀರಾ?