ಮನೆಯಲ್ಲಿ ಮಾಡಿದ ಐಸಿಂಗ್ ಹದಕ್ಕೆ ಬರುತ್ತಿಲ್ಲ, ಅನುಭವ ಇದ್ದವರು ಹೇಳಿ

ಹೊಸ ಬೀಟರ್: ಭಾನುವಾರ ಮಗಳ ಹುಟ್ಟುಹಬ್ಬ. ಪ್ರಾಕ್ಟೀಸ್‌ಗೆ ಅಂತ ಇವತ್ತು ಬಟರ್‌ಕ್ರೀಮ್ ಮಾಡಿದೆ. 200 ಗ್ರಾಂ ಬೆಣ್ಣೆ, 400 ಗ್ರಾಂ ಐಸಿಂಗ್ ಶುಗರ್. ಬಟ್ಟಲಲ್ಲಿ ಚೆನ್ನಾಗಿಯೇ ಇತ್ತು. ಪಿಂಕ್ ಬಣ್ಣ ಸೇರಿಸಿ ನೊಜಲ್‌ನಲ್ಲಿ ಹೂವು ಬಿಟ್ಟರೆ ಎಸಳು ನಿಲ್ಲದೆ ಮಲಗಿಬಿಡುತ್ತದೆ. ಇನ್ನೂ ಸಕ್ಕರೆ ಸುರಿಯಲಾ? ಈಗಲೇ ಜಾಸ್ತಿ ಸಿಹಿ ಇದೆ.

ಜರಡಿ ಅಕ್ಕ: ಸಕ್ಕರೆ ವಿಷಯ ನನ್ನನ್ನು ಕೇಳಿ. ಅಂಗಡಿಯ ಐಸಿಂಗ್ ಶುಗರ್ ನಾನು ಮುಟ್ಟುವುದಿಲ್ಲ. ಮಿಕ್ಸಿಯಲ್ಲೇ ಪುಡಿ ಮಾಡುತ್ತೇನೆ, 100 ಗ್ರಾಂ ಸಕ್ಕರೆಗೆ 4 ಗ್ರಾಂ ಕಾರ್ನ್‌ಫ್ಲೋರ್. ಮಿಕ್ಸಿ ಓಡಿ ಓಡಿ ಜಾರ್ ಬಿಸಿಯಾಗಿರುತ್ತದೆ, ಒಳಗಿನ ಪುಡಿಯೂ ಬಿಸಿ. ಅದನ್ನು ಹಾಗೇ ಬೆಣ್ಣೆಗೆ ಸುರಿದರೆ ಬೆಣ್ಣೆ ಕರಗದೆ ಇನ್ನೇನು ಮಾಡುತ್ತದೆ? ತಟ್ಟೆಯಲ್ಲಿ ಹರಡಿ ಆರಿಸಬೇಕು. ಆಮೇಲೆ ಜರಡಿ, ಒಂದು ಸಲ ಅಲ್ಲ, ಎರಡು ಸಲ. ಮೇಲೆ ಉಳಿದ ತರಿ ಮತ್ತೆ ಮಿಕ್ಸಿಗೆ. ನೊಜಲ್ ಬಾಯಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಎಸಳಿನ ಅಂಚು ಹರಿದು ಬರುತ್ತದೆ. ನಮ್ಮನೆಯವರು "ಅದರ ಮೇಲೆ ಒಂದಿಷ್ಟು ಚಾಕಲೇಟ್ ತುರಿದು ಮುಚ್ಚಿಬಿಡು" ಅಂತಾರೆ. ಯಾಕೆ ಮುಚ್ಚಲಿ?

ಥರ್ಮಾಮೀಟರ್ ಮಾವ: ಅವರು ಕೇಳಿದ್ದು ಎಸಳು ಮಲಗುವುದರ ಬಗ್ಗೆ, ಹರಿಯುವುದರ ಬಗ್ಗೆ ಅಲ್ಲ. ಇದು ಬಿಸಿಯ ಸಮಸ್ಯೆ. ಬೆಣ್ಣೆ 18ರಿಂದ 20 ಡಿಗ್ರಿ ಒಳಗಿದ್ದರೆ ಮಾತ್ರ ನಾನು ಬೀಟರ್ ಆನ್ ಮಾಡುವುದು. "ರೂಮ್ ಟೆಂಪರೇಚರ್" ಅಂತ ಬರೆಯುವವರನ್ನು ಕಂಡರೆ ಮೈ ಉರಿಯುತ್ತದೆ. ಯಾರ ರೂಮು? ನನ್ನ ಅಡುಗೆಮನೆ ಬೇಸಿಗೆಯಲ್ಲಿ 31. ಬೆರಳಲ್ಲಿ ಒತ್ತಿದರೆ ಬೆಣ್ಣೆಯಲ್ಲಿ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹತ್ತಬಾರದು. ಅಷ್ಟೇ ಹದ.

ಒಮ್ಮೆ ನಂಟರೊಬ್ಬರ ಕಾರ್ಯಕ್ರಮಕ್ಕೆ ಎರಡು ಅಂತಸ್ತಿನ ಕೇಕ್. ಒಂದೂವರೆ ಕಿಲೋ ಬೆಣ್ಣೆ, ಮೂರು ಕಿಲೋ ಸಕ್ಕರೆ, ನನ್ನದೇ ದುಡ್ಡು. ಕೇಕ್ ಬೇಯಿಸಿ ಕೊಟ್ಟವರು ಅದು ಒಳಗೆ ಇನ್ನೂ ಬೆಚ್ಚಗಿದೆ ಅಂತ ಬಾಯಿ ಬಿಡಲಿಲ್ಲ. ಐಸಿಂಗ್ ಹಚ್ಚಿ ಹತ್ತು ನಿಮಿಷಕ್ಕೆ ಮಧ್ಯದ ಪದರ ಜಾರಿ, ಪಕ್ಕದಲ್ಲಿ ಹೊಟ್ಟೆ ಬಂತು. ಸುತ್ತ ನಿಂತವರದೆಲ್ಲ ಒಂದೇ ರಾಗ: ಸಕ್ಕರೆ ಹಾಕು, ಸಕ್ಕರೆ ಹಾಕು. ಹಾಕಲಿಲ್ಲ. ಕೇಕನ್ನೂ ಬಟ್ಟಲನ್ನೂ ಫ್ರಿಜ್‌ಗೆ ತಳ್ಳಿದೆ. ಬಟ್ಟಲನ್ನು 15 ನಿಮಿಷಕ್ಕೆ ತೆಗೆದು ಮತ್ತೆ ಬೀಟ್ ಮಾಡಿದೆ. ನಿಂತಿತು. ಕೇಕ್ ಬೇಯಿಸಿದವರ ಜೊತೆ ಇವತ್ತಿಗೂ ಮಾತಿಲ್ಲ.

ಜರಡಿ ಅಕ್ಕ: ಮಾವ, ಹರಳಿದ್ದರೆ 19 ಡಿಗ್ರಿಯಲ್ಲೂ ಹಲ್ಲಿಗೆ ಕರಕರ ಅನ್ನುತ್ತದೆ. ಥರ್ಮಾಮೀಟರ್‌ಗೆ ರುಚಿ ಗೊತ್ತಾಗುವುದಿಲ್ಲ.

ಬಿಳಿಭಾಗ: ನಿಮ್ಮಿಬ್ಬರದೂ ಸಕ್ಕರೆ ಮುದ್ದೆ, ಕ್ಷಮಿಸಿ. ನಾನು ಸ್ವಿಸ್ ಮೆರಾಂಗ್ ಬಿಟ್ಟು ಬೇರೆ ಮಾಡುವುದಿಲ್ಲ. 150 ಗ್ರಾಂ ಮೊಟ್ಟೆ ಬಿಳಿ, 300 ಗ್ರಾಂ ಸಕ್ಕರೆ, ಕುದಿನೀರಿನ ಪಾತ್ರೆ ಮೇಲಿಟ್ಟು ಕೈ ಬಿಡದೆ ಕಲಕುತ್ತಾ 71 ಡಿಗ್ರಿ. ಬೆರಳಲ್ಲಿ ಉಜ್ಜಿದರೆ ಸಕ್ಕರೆ ಸಿಗಬಾರದು, ಆದ್ದರಿಂದ ಜರಡಿಯ ಗೋಜೇ ಇಲ್ಲ. ಬಟ್ಟಲ ತಳ ಮುಟ್ಟಿದರೆ ತಣ್ಣಗಿರುವವರೆಗೆ ಬೀಟ್. ಆಮೇಲೆ 450 ಗ್ರಾಂ ಬೆಣ್ಣೆ, ತುಂಡು ತುಂಡಾಗಿ.

ಬೆಣ್ಣೆ ಮುಕ್ಕಾಲು ಹೋದ ಮೇಲೆ ಎಲ್ಲ ಒಡೆದ ಹಾಲಿನ ಹಾಗೆ ಕಾಣುತ್ತದೆ. ಜನ ಅಲ್ಲೇ ಹೆದರಿ ಸಿಂಕಿಗೆ ಸುರಿಯುತ್ತಾರೆ. ನಮ್ಮ ಅತ್ತಿಗೆ ಸುರಿದೇಬಿಟ್ಟರು, ನಾನು ಫೋನ್ ಎತ್ತಿಕೊಂಡು ಬರುವಷ್ಟರಲ್ಲಿ. ನನ್ನ ಬೆಣ್ಣೆ, ನನ್ನ ಮೊಟ್ಟೆ! ಸುಮ್ನೆ ಬೀಟ್ ಮಾಡುತ್ತಾ ಇದ್ದರೆ ಅದಾಗಿಯೇ ಕೂಡಿಕೊಳ್ಳುತ್ತದೆ. ತೀರಾ ತಣ್ಣಗಿದ್ದರೆ ಒಂದು ಸೌಟು ತೆಗೆದು ಬೆಚ್ಚಗೆ ಮಾಡಿ ವಾಪಸ್ ಹಾಕಬೇಕು. ಕಷ್ಟ ಇರುವುದು ಬೇರೆ ಕಡೆ. ಪ್ರತಿ ಕೇಕ್‌ಗೂ ಐದು ಹಳದಿ ಉಳಿಯುತ್ತದೆ. ಮನೆಯಲ್ಲಿ ಯಾರಿಗೂ ಬೇಡ.

ಡಬ್ಬಿ ಕ್ರೀಮ್: ಹಸಿ ಮೊಟ್ಟೆಯನ್ನು ಮಗುವಿಗೆ ಕೊಡಿ ಅಂತೀರಾ? ಭಲೇ.

ಬಿಳಿಭಾಗ: 71 ಡಿಗ್ರಿವರೆಗೆ ಬಿಸಿ ಮಾಡಿದ್ದು ಅಂತ ಬರೆದಿದ್ದೇನೆ, ಹಸಿ ಎಲ್ಲಿ ಬಂತು? ಓದಿ ಆಮೇಲೆ ಭಲೇ ಅನ್ನಿ. ಸಕ್ಕರೆ ಪುಡಿಗೆ ಹಸಿ ಬಿಳಿ ಕಲಸುವುದು ರಾಯಲ್ ಐಸಿಂಗ್‌ನವರು, ಅವರನ್ನು ಕೇಳಿ.

ಹತ್ತು ಎಣಿಸು: ರಾಯಲ್ ಐಸಿಂಗ್‌ನವಳು ನಾನೇ. ಮೆರಾಂಗ್ ಪೌಡರ್ ಅಂತ ಒಂದು ವಸ್ತು ಇದೆ, ಒಣಗಿಸಿದ ಮೊಟ್ಟೆ ಬಿಳಿಯ ಪುಡಿ, ಹಸಿ ಮೊಟ್ಟೆ ಬೇಕಾಗಿಲ್ಲ. ಚಾಕುವಿನಲ್ಲಿ ಗೆರೆ ಎಳೆದರೆ ಹತ್ತರಿಂದ ಹದಿನೈದು ಎಣಿಸುವಷ್ಟರಲ್ಲಿ ಮಾಯವಾಗಬೇಕು, ಬಿಸ್ಕತ್ತಿನ ಮೇಲೆ ತುಂಬಲು ಅದೇ ಹದ. ನೀರು ಹನಿ ಹನಿಯಾಗಿಯೇ ಹಾಕಬೇಕು, ಚಮಚದಲ್ಲಿ ಅಲ್ಲ. ಬಟ್ಟಲಿಗೆ ಜಿಡ್ಡಿದ್ದರೆ ನೊರೆ ಏಳುವುದಿಲ್ಲ. ನಮ್ಮ ಯಜಮಾನರು ಅದೇ ಬಟ್ಟಲಲ್ಲಿ ಬೆಣ್ಣೆ ಕರಗಿಸಿ, ಸುಮ್ನೆ ನೀರಲ್ಲಿ ತೊಳೆದಿಟ್ಟಿದ್ದರು. ಒಂದು ಕಿಲೋ ಸಕ್ಕರೆ ತೊಟ್ಟಿಗೆ ಹೋಯಿತು. ಆ ಬಟ್ಟಲಿಗೆ ಈಗ ಕಪಾಟಿನಲ್ಲಿ ಬೀಗ.

ಹೊಸ ಬೀಟರ್: ಎಲ್ಲರಿಗೂ ಥ್ಯಾಂಕ್ಸ್. ನಾನು ಹಾಕಿದ್ದು ನೀರಿನಂಥ ಬಣ್ಣ, ಒಂದೂವರೆ ಚಮಚ ಹೋಗಿದೆ. ಅದರಿಂದಲೂ ಹೀಗಾಗುತ್ತದಾ?

ಡಬ್ಬಿ ಕ್ರೀಮ್: ಇಷ್ಟೆಲ್ಲ ಯಾಕೆ? ನಾನ್‌ಡೇರಿ ಕ್ರೀಮ್ ತನ್ನಿ, ಹಾಲಿನದಲ್ಲ, ಫ್ರೀಜರ್‌ನಲ್ಲಿ ಗಟ್ಟಿಯಾಗಿ ಇಟ್ಟಿರುತ್ತಾರೆ. ಪೂರ್ತಿ ಕರಗುವ ಮೊದಲೇ, ಒಳಗೆ ಸಣ್ಣ ಸಣ್ಣ ಐಸ್ ಚೂರು ಇರುವಾಗಲೇ ಬೀಟ್ ಮಾಡಿ. ಮೂರು ಪಟ್ಟಾದರೂ ಉಬ್ಬುತ್ತದೆ. ಸಕ್ಕರೆ ಅದರಲ್ಲೇ ಇರುತ್ತದೆ. ಎಸಳು ಸೆಟೆದು ನಿಲ್ಲುತ್ತದೆ.

ಕೆನೆಪಾತ್ರೆ: ಅದು ಕ್ರೀಮ್ ಅಲ್ಲ, ಗಟ್ಟಿ ಮಾಡಿದ ಎಣ್ಣೆ. ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗಿರುತ್ತದೆ. ನಾನು ಹಾಲಿನ ಕೆನೆಯೇ ಬಳಸುವುದು, 35 ಪರ್ಸೆಂಟ್ ಕೊಬ್ಬಿನದು. 25 ಪರ್ಸೆಂಟಿನದನ್ನು ತಂದು ರಾತ್ರಿವರೆಗೂ ಬೀಟ್ ಮಾಡಿದರೂ ನಿಲ್ಲುವುದಿಲ್ಲ. ಅಂಗಡಿಯವನು ಎರಡೂ ಒಂದೇ ಅಂದಿದ್ದ. ಬೀಟರ್ ಸುಟ್ಟ ವಾಸನೆ ಬಂತು, ಮೋಟರ್ ಹೋಯಿತು, ರಿಪೇರಿಯವನು ಹೊಸದೇ ತಗೊಳ್ಳಿ ಅಂದ. ಅಂದರೆ ಆ ಕ್ರೀಮ್‌ಗೆ ನಾನು ಕೊಟ್ಟಿದ್ದು ಒಂದು ಬೀಟರ್‌ನ ದುಡ್ಡು.

ಡಬ್ಬಿ ಕ್ರೀಮ್: ನಿಮ್ಮ ಕೆನೆ ಒಂದು ನಿಮಿಷ ಕಣ್ಣು ತಪ್ಪಿದರೆ ಬೆಣ್ಣೆ. ನನ್ನದು ಫ್ರಿಜ್‌ನಲ್ಲಿ ನಾಳೆಯೂ ಹಾಗೇ ಇರುತ್ತದೆ.

ಕೆನೆಪಾತ್ರೆ: ತರಿತರಿ ಶುರುವಾದಾಗಲೇ ಎರಡು ಚಮಚ ತಣ್ಣನೆ ಕ್ರೀಮ್ ಹಾಕಿ ಕೈಯಲ್ಲೇ ಮಡಚಿದರೆ ಸರಿಹೋಗುತ್ತದೆ. ಕಲಿಯುವ ಮನಸ್ಸಿರಬೇಕು.

ಥರ್ಮಾಮೀಟರ್ ಮಾವ: ನಿಮ್ಮ ಜಗಳ ಆಮೇಲೆ. ಹೊಸ ಬೀಟರ್, ಬಣ್ಣ ಕಾರಣ ಹೌದು. ಒಂದೂವರೆ ಚಮಚ ಅಂದರೆ ಅಷ್ಟು ನೀರು ಹಾಕಿದ ಲೆಕ್ಕ. ಜೆಲ್ ಬಣ್ಣ ತಗೊಳ್ಳಿ, ಕಡ್ಡಿ ತುದಿಯಷ್ಟು ಸಾಕು. ಒಂದು ರಾತ್ರಿ ಬಿಟ್ಟರೆ ಇನ್ನೂ ಗಾಢವಾಗುತ್ತದೆ, ಆದ್ದರಿಂದ ತೆಳುವಿಗೇ ನಿಲ್ಲಿಸಿ.

ಕಪ್ ಲೆಕ್ಕ: ಗ್ರಾಂ, ಡಿಗ್ರಿ, ಪರ್ಸೆಂಟ್! ನಮ್ಮ ಅಮ್ಮ ಒಂದು ಕಪ್ ಬೆಣ್ಣೆಗೆ ಎರಡು ಕಪ್ ಸಕ್ಕರೆ ಅಂತ ಹಾಕುತ್ತಿದ್ದರು, ಹೂವೂ ನಿಲ್ಲುತ್ತಿತ್ತು.

ಜರಡಿ ಅಕ್ಕ: ಜರಡಿ ಹಿಡಿದ ಪುಡಿ ಒಂದು ಕಪ್‌ಗೆ 100 ಗ್ರಾಂ ಆಸುಪಾಸು. ಅದೇ ಕಪ್‌ನಲ್ಲಿ ಒತ್ತಿ ತುಂಬಿದರೆ 130 ದಾಟುತ್ತದೆ. ನಿಮ್ಮ ಅಮ್ಮ ಯಾವ ಕಪ್ ಹಾಕುತ್ತಿದ್ದರು?

ಕಪ್ ಲೆಕ್ಕ: ಅಮ್ಮನ ಸುದ್ದಿಗೆ ಬರಬೇಡಿ.

ಹೊಸ ಬೀಟರ್: 15 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಬೀಟ್ ಮಾಡಿದೆ. ಎಸಳು ನಿಂತಿತು ಮಾವ! ಆದರೆ ಕೊನೆಕೊನೆಗೆ ಬಿಟ್ಟ ಹೂವು ಮತ್ತೆ ಮೆತ್ತಗಾಯಿತು.

ಥರ್ಮಾಮೀಟರ್ ಮಾವ: ಅಂಗೈ ಬಿಸಿ. ಪೈಪಿಂಗ್ ಬ್ಯಾಗ್‌ಗೆ ಅರ್ಧದಷ್ಟೇ ತುಂಬಿ, ಉಳಿದಿದ್ದು ಫ್ರಿಜ್‌ನಲ್ಲಿರಲಿ.

ಕಪ್ ಲೆಕ್ಕ: ಅಮ್ಮನದು ಉಕ್ಕಿನ ಕಪ್. ಈಗ ಸಮಾಧಾನವಾ?

ಜರಡಿ ಅಕ್ಕ: ಅದು ಎಷ್ಟು ಎಂಎಲ್?