ಸಹಾಯ ಬೇಕು: ದೊಡ್ಡಪ್ಪನ ವೆಂಟಿಲೇಟರ್ ತೆಗೆಸುವುದು ಹೇಗೆ?

ಮೆದುಳಿನಲ್ಲಿ ರಕ್ತಸ್ರಾವವಾಗಿ ನಮ್ಮ ದೊಡ್ಡಪ್ಪ ಕೋಮಾದಲ್ಲಿದ್ದಾರೆ. ಇನ್ನು ಚೇತರಿಸಿಕೊಳ್ಳಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ದೊಡ್ಡಮ್ಮ, ಮಕ್ಕಳು ಎಲ್ಲರೂ ಒಪ್ಪಿ ವೆಂಟಿಲೇಟರ್ ತೆಗೆಯಿರಿ ಅಂದರೆ, ಆಸ್ಪತ್ರೆಯವರು "ಕೋರ್ಟ್ ಆರ್ಡರ್ ತನ್ನಿ" ಅಂತಾರೆ. ಇಲ್ಲಾಂದ್ರೆ ಬರೆದುಕೊಟ್ಟು ಮನೆಗೆ ಕರ್ಕೊಂಡು ಹೋಗಬೇಕಂತೆ!

ಸುಪ್ರೀಂ ಕೋರ್ಟ್ 2018ರಲ್ಲೇ ಇದಕ್ಕೆ ದಾರಿ ಮಾಡಿದೆ, 2023ರಲ್ಲಿ ಇನ್ನೂ ಸರಳ ಮಾಡಿದೆ. ಆಸ್ಪತ್ರೆಯಲ್ಲೇ ಮೂವರು ಡಾಕ್ಟರ್‌ಗಳ ಎರಡು ಮಂಡಳಿ ಒಪ್ಪಬೇಕು. ಎರಡನೆಯದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಷ್ಟೇ, ಅಲ್ವಾ? 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿದೆ.

ಅದರ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಮಂಡಳಿ ಕರೆಯಲು ಪತ್ರ ಕೊಟ್ಟು ಅನುಭವ ಇದ್ದವರು ಹೇಳಿ, ಯಾರ ಹೆಸರಿಗೆ ಬರೆಯಬೇಕು? ದಯವಿಟ್ಟು "ದೇವರಿದ್ದಾನೆ, ಕಾಯಿರಿ" ಅನ್ನಬೇಡಿ. ಆ ಮಾತೆಲ್ಲ ಮನೆಯಲ್ಲೇ ಆಗಿ ಮುಗಿದಿದೆ.