ಮೊದಲ ಬಾರಿಗೆ ಕುಟುಂಬದೊಂದಿಗೆ ವಂಡರ್‌ಲಾ: ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಂಡ್ಯದಿಂದ ಬಿಡದಿ ಬಳಿಯ ಮನೋರಂಜನಾ ಪಾರ್ಕ್ ವಂಡರ್‌ಲಾಕ್ಕೆ ಹೋಗಬೇಕೆಂದಿದ್ದೇವೆ. ನಾಲ್ಕು ಮತ್ತು ಹತ್ತು ವರ್ಷದ ಮಕ್ಕಳ ಜೊತೆಗೆ ಮಂಡಿನೋವಿರುವ ನಮ್ಮ ಅತ್ತೆಯವರೂ ಬರುತ್ತಿದ್ದಾರೆ. ಎಲ್ಲರಿಗೂ ಹಿತವಾಗುವಂತೆ ದಿನವನ್ನು ಹೇಗೆ ಯೋಜಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಹೊರಡುವ ಮುನ್ನ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆದುಕೊಳ್ಳಿ. ಅಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಪ್ರವೇಶ ಉಚಿತ, 140 ಸೆಂ.ಮೀ. ದಾಟಿದರೆ ವಯಸ್ಕರ ದರ. ದೊಡ್ಡ ಆಟಗಳಿಗೂ ಕನಿಷ್ಠ ಎತ್ತರದ ನಿಯಮವಿರುವುದರಿಂದ, ಯಾವುದಕ್ಕೆ ಯಾರಿಗೆ ಅವಕಾಶವಿದೆ ಎಂಬುದನ್ನು ಹಿಂದಿನ ದಿನವೇ ಮಕ್ಕಳಿಗೆ ತಿಳಿಸಿದರೆ ಸರದಿಯ ತುದಿಯಲ್ಲಿ ಅಳು, ರಂಪ ತಪ್ಪುತ್ತದೆ.

ಉತ್ತರ 2: ಬಟ್ಟೆಯ ಕಡೆಗೂ ಗಮನ ಕೊಡಿ. ನೀರಿನ ಆಟಗಳಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪೇ ಬೇಕು, ಅದನ್ನು ಮನೆಯಿಂದಲೇ ಒಯ್ದರೆ ಖರ್ಚು ಉಳಿಯುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಜನ ಸೇರುವ ಮೊದಲೇ ರೋಲರ್ ಕೋಸ್ಟರ್‌ನಂತಹ ಆಟಗಳನ್ನು ಮುಗಿಸಿ, ಬಿಸಿಲೇರಿದ ಮೇಲೆ ನೀರಿಗಿಳಿಯುವುದು ಉತ್ತಮ. ವಾರದ ನಡುವೆ ಹೋಗುವುದಾದರೆ ಸರದಿಯಲ್ಲಿ ಕಾಯುವುದನ್ನು ತಗ್ಗಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್‌ಗೆಂದು ಹೆಚ್ಚು ಹಣ ತೆರಬೇಕಿಲ್ಲವೆಂಬುದು ನನ್ನ ಅಭಿಪ್ರಾಯ.

ಉತ್ತರ 3: ಅತ್ತೆಯವರಿಗಾಗಿ ನೆರಳಿರುವ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿ, ಊಟಕ್ಕೆ ಎಲ್ಲರೂ ಇಂತಿಷ್ಟು ಹೊತ್ತಿಗೆ ಅಲ್ಲಿ ಸೇರುವಂತೆ ಹೇಳಿಡಿ, ಏಕೆಂದರೆ ನೀರಿಗಿಳಿದವರ ಫೋನ್ ಲಾಕರ್‌ನಲ್ಲಿರುತ್ತದೆ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಔಷಧಿ ಮರೆಯಬೇಡಿ. ಮಂಡ್ಯದಿಂದ ರೈಲಿನಲ್ಲಿ ಬರುವುದಾದರೆ ಬಿಡದಿಯಲ್ಲಿ ನಿಲ್ಲುವ ಗಾಡಿಯನ್ನೇ ನೋಡಿಕೊಂಡು ಹತ್ತಿ.